ಕರೆಂಟ್ ಹೋದಾಗ ಫೈಲ್ ಉಳಿಯುತ್ತಾ?

ಎಲ್ಲರಿಗೂ ನಮಸ್ಕಾರ.

2009ರಲ್ಲಿ ನಾನು ಒಂದು ಡಿಟಿಪಿ ಅಂಗಡಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಒಂದು ಸಂಜೆ ಜೋರು ಮಳೆ. ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಮುಗಿದುಹೋಗಿತ್ತು. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಚೆನ್ನಾಗಿಯೇ ಆನ್ ಆಯಿತು, ಒಂದು ಎರರ್ ಕೂಡ ತೋರಿಸಲಿಲ್ಲ. ಆದರೆ ಒಬ್ಬ ಮೇಷ್ಟ್ರು ಬರೆದ ಊರಿನ ಚರಿತ್ರೆಯ ಫೈಲ್ ನೋಡಿದರೆ ಹೆಸರಿದೆ, ತಾರೀಖಿದೆ, ಸೈಜ್ ಸೊನ್ನೆ. ನಲವತ್ತು ಪುಟ ಹೋಗಿತ್ತು. ಟೈಪ್ ಮಾಡಿದ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು, "ಸೇವ್ ಮಾಡಿದ್ದೆ ಅಣ್ಣಾ, ಆಣೆ ಮಾಡಿ ಹೇಳ್ತೀನಿ" ಅಂದಳು.

ಅವಳು ಹೇಳಿದ್ದು ನಿಜವೇ. ಅವಳು ಸೇವ್ ಮಾಡಿದ್ದಳು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಅಂದರೆ ಫೈಲ್‌ಸಿಸ್ಟಮ್, ಜರ್ನಲ್ ಇದ್ದದ್ದೇ ಆಗಿತ್ತು, ಅದೂ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಹಾಗಾದರೆ ಫೈಲ್ ಎಲ್ಲಿ ಹೋಯಿತು? ಇವತ್ತು ನಾನು ಮಾತಾಡುವುದು ಇದರ ಬಗ್ಗೆ.

ನಮ್ಮ ಹಳೇ ಅಂಗಡಿಗಳಲ್ಲಿ ಕಿರ್ದಿ ಅಂತ ಒಂದು ಪುಸ್ತಕ, ಖಾತೆ ಅಂತ ಇನ್ನೊಂದು ಪುಸ್ತಕ ಇರುತ್ತಿದ್ದವು. ವ್ಯವಹಾರ ಆದ ತಕ್ಷಣ ಕಿರ್ದಿಯಲ್ಲಿ ಬರೆಯುವುದು, ಪುರುಸೊತ್ತಾದಾಗ ಖಾತೆಗೆ ಏರಿಸುವುದು. ಖಾತೆ ಬರೆಯುತ್ತಿದ್ದಾಗ ಅರ್ಧಕ್ಕೆ ಎದ್ದು ಹೋಗಬೇಕಾಗಿ ಬಂದರೂ ಚಿಂತೆಯಿಲ್ಲ. ಮಾರನೇ ದಿನ ಕಿರ್ದಿ ನೋಡಿ ಮುಗಿಸಬಹುದು. ಜರ್ನಲ್ ಅಂದರೆ ಡಿಸ್ಕಿನ ಕಿರ್ದಿ, ಅಷ್ಟೇ. ಅದು ಬರುವ ಮುಂಚೆ, ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಹಳೇ ಫೈಲ್‌ಸಿಸ್ಟಮ್ ಇಎಕ್ಸ್‌ಟಿ2ರ ಕಾಲದಲ್ಲಿ, ಕರೆಂಟ್ ಹೋಗಿ ಬಂದರೆ ಇಡೀ ಡಿಸ್ಕ್ ಪರೀಕ್ಷೆ ಆಗಬೇಕಿತ್ತು. ದೊಡ್ಡ ಡಿಸ್ಕ್ ಆದರೆ ಗಂಟೆಗಟ್ಟಲೆ ಕಾಯಬೇಕಿತ್ತು. 2001ರಲ್ಲಿ ಮೊದಲು ರೈಸರ್‌ಎಫ್‌ಎಸ್, ಆಮೇಲೆ ಇಎಕ್ಸ್‌ಟಿ3, ಈ ಜರ್ನಲ್ ಇರುವ ಫೈಲ್‌ಸಿಸ್ಟಮ್‌ಗಳು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿದ ಮೇಲೆ ಆ ಕಾಯುವಿಕೆ ತಪ್ಪಿತು.

ಆದರೆ ಈ ಕಿರ್ದಿಯಲ್ಲಿ ಏನು ಬರೆದಿರುತ್ತದೆ? ಸಾಮಾನ್ಯವಾಗಿ ಫೈಲಿನ ಹೆಸರು, ಸೈಜು, ಅದು ಡಿಸ್ಕಿನ ಯಾವ ಜಾಗದಲ್ಲಿದೆ ಅನ್ನುವುದು. ಇದು ಮೆಟಾಡೇಟಾ. ಫೈಲಿನ ಒಳಗಿನ ಅಕ್ಷರಗಳು ಅಲ್ಲ. ಲೆಕ್ಕ ಸರಿಯಾಗಿರುತ್ತದೆ, ಆದರೆ ಮೂಟೆ ಗೋದಾಮಿಗೆ ಬಂದಿದೆಯಾ ಅನ್ನುವುದು ಬೇರೆ ಪ್ರಶ್ನೆ. ಜರ್ನಲ್ ಇದೆ, ಹಾಗಾಗಿ ಡೇಟಾ ಭದ್ರ ಅಂತ ಜನ ಅಂದುಕೊಳ್ಳುತ್ತಾರಲ್ಲ, ಎಡವುವುದು ಅಲ್ಲೇ.

ಇಎಕ್ಸ್‌ಟಿ3ರಲ್ಲಿ ಮೂರು ಬಗೆ ಇದ್ದವು. ಒಂದರಲ್ಲಿ ಡೇಟಾವೂ ಜರ್ನಲ್‌ಗೆ ಹೋಗುತ್ತದೆ. ಭದ್ರ, ಆದರೆ ಎಲ್ಲವನ್ನೂ ಎರಡು ಸಲ ಬರೆಯಬೇಕು, ನಿಧಾನ. ಇನ್ನೊಂದರಲ್ಲಿ ಡೇಟಾದ ಕ್ರಮಕ್ಕೆ ಯಾವ ಕಟ್ಟುಪಾಡೂ ಇಲ್ಲ. ನಡುವಿನದು 'ಆರ್ಡರ್ಡ್'. ಮೊದಲು ಡೇಟಾ ಡಿಸ್ಕಿಗೆ, ಆಮೇಲೆ ಮೆಟಾಡೇಟಾ ಜರ್ನಲ್‌ಗೆ, ಸುಮಾರು ಐದು ಸೆಕೆಂಡಿಗೊಮ್ಮೆ. ಹಾಗಾಗಿ ಇಎಕ್ಸ್‌ಟಿ3ರಲ್ಲಿ ಕಳೆದುಹೋಗುವುದು ಹೆಚ್ಚಾಗಿ ಕೊನೆಯ ಐದು ಸೆಕೆಂಡಿನ ಕೆಲಸ ಮಾತ್ರ. ಪ್ರೋಗ್ರಾಂ ಬರೆಯುವವರಿಗೆ ಇದು ಎಷ್ಟು ರೂಢಿಯಾಯಿತು ಅಂದರೆ, ಅದೇ ನಿಯಮ ಅಂತ ಎಲ್ಲರೂ ನಂಬಿಬಿಟ್ಟರು.

2008ರ ಡಿಸೆಂಬರಿನಲ್ಲಿ ಇಎಕ್ಸ್‌ಟಿ4 ಬಳಕೆಗೆ ಸಿದ್ಧ ಅಂತ ಬಿಡುಗಡೆಯಾಯಿತು. ಇದೂ ಆರ್ಡರ್ಡ್ ಬಗೆಯದೇ. ಆದರೆ ವೇಗಕ್ಕಾಗಿ ಒಂದು ಹೊಸ ಉಪಾಯ ಸೇರಿತ್ತು. ಡೇಟಾಕ್ಕೆ ಡಿಸ್ಕಿನಲ್ಲಿ ಜಾಗ ಗೊತ್ತುಮಾಡುವುದನ್ನೇ ಮುಂದಕ್ಕೆ ಹಾಕುವುದು. ಅರ್ಧ ನಿಮಿಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಈಗ ನಮ್ಮ ಹುಡುಗಿ ಸೇವ್ ಒತ್ತಿದಾಗ ಏನಾಯಿತು ನೋಡಿ. ಪ್ರೋಗ್ರಾಂ ಹಳೇ ಫೈಲನ್ನು ಖಾಲಿ ಮಾಡಿತು. 'ಸೈಜ್ ಸೊನ್ನೆ' ಅನ್ನುವುದು ಐದು ಸೆಕೆಂಡಿನಲ್ಲಿ ಜರ್ನಲ್ ಸೇರಿತು. ಹೊಸ ನಲವತ್ತು ಪುಟ ಇನ್ನೂ ಮೆಮೊರಿಯಲ್ಲೇ ಕೂತಿತ್ತು. ಆಗ ಕರೆಂಟ್ ಹೋಯಿತು. ಹಳೆಯದೂ ಇಲ್ಲ, ಹೊಸದೂ ಇಲ್ಲ. ಜರ್ನಲ್ ಮಾತ್ರ ಸರಿಯಾಗಿದೆ!

2009ರಲ್ಲಿ ಇದೇ ದೂರು ಎಲ್ಲ ಕಡೆಯಿಂದ ಬಂತು. ಡೇಟಾ ಡಿಸ್ಕಿಗೆ ತಲುಪಲೇಬೇಕಾದರೆ ಪ್ರೋಗ್ರಾಂ 'ಎಫ್‌ಸಿಂಕ್', ಅಂದರೆ 'ಈಗಲೇ ಡಿಸ್ಕಿಗೆ ಬರೆ' ಅನ್ನುವ ಆದೇಶ, ಕೊಡಬೇಕು ಅಂದರು ಇಎಕ್ಸ್‌ಟಿ4 ನೋಡಿಕೊಳ್ಳುತ್ತಿದ್ದ ಥಿಯೊಡೋರ್ ತ್ಸೊ. ನಿಯಮದ ಪ್ರಕಾರ ಅದು ಸರಿ. ಆದರೂ ಅವರು ಅಲ್ಲಿಗೇ ಬಿಡಲಿಲ್ಲ. ಖಾಲಿ ಮಾಡಿ ಮತ್ತೆ ಬರೆದ ಫೈಲ್, ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತಂದ ಫೈಲ್, ಈ ಎರಡಕ್ಕೂ ಡೇಟಾವನ್ನು ಬೇಗ ಡಿಸ್ಕಿಗೆ ಕಳಿಸುವ ಬದಲಾವಣೆ 2.6.30 ಕರ್ನಲ್‌ನಲ್ಲಿ ಬಂತು. ನಿಯಮ ಹಿಡಿದು ಸುಮ್ಮನೆ ಕೂರದೆ ಜನರ ಕಷ್ಟಕ್ಕೆ ಇಳಿದು ಬಂದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಎಕ್ಸ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್‌ಸಿಸ್ಟಮ್ ಕೂಡ ಇಂಥದ್ದೇ ಪಾಠ ಕಲಿತಿದೆ. ಸಿಲಿಕಾನ್ ಗ್ರಾಫಿಕ್ಸ್‌ನವರು 1990ರ ದಶಕದಲ್ಲಿ ದೊಡ್ಡ ದೊಡ್ಡ ಯಂತ್ರಗಳಿಗಾಗಿ ಮಾಡಿದ್ದು ಅದು. ಕರೆಂಟ್ ಹೋದರೆ ಫೈಲಿನ ತುಂಬ ಸೊನ್ನೆಗಳೇ ಸಿಗುತ್ತವೆ ಅನ್ನುವ ಕೆಟ್ಟ ಹೆಸರು ಅದಕ್ಕಿತ್ತು. ಡೇಟಾ ತಲುಪುವ ಮೊದಲೇ ಹೊಸ ಸೈಜ್ ದಾಖಲಾಗುತ್ತಿತ್ತು. 2007ರಲ್ಲಿ ಅದನ್ನು ಸರಿಪಡಿಸಿದರು. ಇವತ್ತಿಗೂ ಆ ಹಳೇ ಕಥೆ ಹೇಳಿ ಎಕ್ಸ್‌ಎಫ್‌ಎಸ್ ಬೇಡ ಅನ್ನುವವರಿದ್ದಾರೆ. ಅದು ಅನ್ಯಾಯ.

ಇಲ್ಲಿಯವರೆಗೆ ಹೇಳಿದ್ದು ಕರೆಂಟಿನ ಮಾತು. ಡಿಸ್ಕೇ ಕೆಟ್ಟರೆ? 2005ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಬೇಕಂತಲೇ ಡಿಸ್ಕಿನ ಕಡೆಯಿಂದ ಎರರ್ ಕೊಟ್ಟು ನೋಡಿದರು. 'ಬರೆಯಲು ಆಗಲಿಲ್ಲ' ಅಂತ ಡಿಸ್ಕ್ ಹೇಳಿದರೂ ಇಎಕ್ಸ್‌ಟಿ3 ಅನೇಕ ಕಡೆ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ರೈಸರ್‌ಎಫ್‌ಎಸ್ ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತಿತ್ತು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು. ಕೆಲಸ ನಿಂತರೂ ಪರವಾಗಿಲ್ಲ, ತಪ್ಪು ಬರೆಯಬೇಡ ಅನ್ನುವ ರೈಸರ್‌ನ ಸ್ವಭಾವ ನನಗೆ ಹಿಡಿಸುತ್ತದೆ. ಆದರೆ ನೋಡಿಕೊಳ್ಳುವವರಿಲ್ಲದ ಫೈಲ್‌ಸಿಸ್ಟಮ್ ಎಷ್ಟು ಚೆನ್ನಾಗಿದ್ದರೇನು? 2025ರ ಜನವರಿಯಲ್ಲಿ ಬಂದ ಲಿನಕ್ಸ್ 6.13ರಿಂದ ಅದನ್ನು ತೆಗೆದೇಬಿಟ್ಟರು.

ಡಿಸ್ಕ್‌ಗೆ ತನ್ನದೇ ಕ್ಯಾಶ್, ಅಂದರೆ ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ಚಿಕ್ಕ ಮೆಮೊರಿ, ಕೂಡ ಇರುತ್ತದೆ. ಬರೆದಾಯಿತು ಅನ್ನುತ್ತದೆ, ಬರೆದಿರುವುದಿಲ್ಲ. ಅದನ್ನು ಕ್ರಮಕ್ಕೆ ತರುವ 'ಬ್ಯಾರಿಯರ್' ಇಎಕ್ಸ್‌ಟಿ3ರಲ್ಲಿ ಬಹಳ ಕಾಲ ತಾನಾಗಿ ಆನ್ ಇರಲಿಲ್ಲ. ಇಎಕ್ಸ್‌ಟಿ4ರಲ್ಲಿ ಆನ್ ಆಗಿಯೇ ಬರುತ್ತದೆ. ವೇಗ ಸಿಗುತ್ತದೆ ಅಂತ ಯಾರೋ ಹೇಳಿದರು ಅಂತ ದಯವಿಟ್ಟು ಅದನ್ನು ಆಫ್ ಮಾಡಬೇಡಿ. ಇನ್ನು, ವರ್ಷಗಟ್ಟಲೆ ಕೂತ ಡೇಟಾ ತಾನಾಗಿ ಕೆಟ್ಟರೆ ಜರ್ನಲ್‌ಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಚೆಕ್‌ಸಮ್, ಅಂದರೆ ಡೇಟಾ ಬದಲಾಗಿದೆಯಾ ಅಂತ ತಾಳೆ ನೋಡುವ ಸಂಖ್ಯೆ, ಬೇಕು. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಎರಡೂ ಈಗ ಮೆಟಾಡೇಟಾಕ್ಕೆ ಚೆಕ್‌ಸಮ್ ಇಡುತ್ತವೆ. ಡೇಟಾಕ್ಕೂ ಬೇಕಾದರೆ ಜೆಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಮ್ ಕಡೆ ಹೋಗಬೇಕು.

ಈ ಮೇಜಿನ ಮೇಲೆ ಒಂದು ಹಳೇ ಕಂಪ್ಯೂಟರ್ ಇದೆ, ನೋಡಿ. ಇಎಕ್ಸ್‌ಟಿ4 ಹಾಕಿದ್ದೇನೆ. ಎರಡು ಹೊಸ ಫೈಲುಗಳಲ್ಲಿ ಒಂದೇ ಪಾಠ ಬರೆಯುತ್ತೇನೆ. ಒಂದಕ್ಕೆ ಎಫ್‌ಸಿಂಕ್ ಇದೆ, ಇನ್ನೊಂದಕ್ಕೆ ಇಲ್ಲ. ಬರೆದ ಹತ್ತನೇ ಸೆಕೆಂಡಿಗೆ ಪ್ಲಗ್ ಕೀಳಬೇಕು. ಮುಂದಿನ ಸಾಲಿನವರು ಯಾರಾದರೂ ಬರ್ತೀರಾ?