ತಾಳೆಯಾಗದ ರೀಡಿಂಗನ್ನು ಅಳಿಸಬೇಡಿ

ಎಲ್ಲರಿಗೂ ನಮಸ್ಕಾರ. ನಾಳೆಯಿಂದ ನಿಮಗೆ ಎಲೆಕ್ಟ್ರಾನಿಕ್ಸ್ ಲ್ಯಾಬ್ ಶುರು. ಹೇಳಬೇಕೆಂದು ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಸಣ್ಣ ಕಾಲೇಜಿನಲ್ಲಿ ಆಸಿಲೋಸ್ಕೋಪ್, ಅಂದರೆ ವೋಲ್ಟೇಜಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣ, ಕಡಿಮೆ ಇರುತ್ತವೆ, ವಿದ್ಯಾರ್ಥಿಗಳೂ ಕಡಿಮೆ. ಹಾಗಾಗಿ ಉಪಕರಣ ಕೈಗೆ ಸಿಗುತ್ತದೆ, ಇದು ನಿಮ್ಮ ಭಾಗ್ಯ. ಸೀನಿಯರ್‌ಗಳ ರೆಕಾರ್ಡ್ ಪುಸ್ತಕವೂ ಅಷ್ಟೇ ಸುಲಭವಾಗಿ ಕೈಗೆ ಸಿಗುತ್ತದೆ. ನನ್ನ ಚಿಂತೆ ಇರುವುದು ಅಲ್ಲಿ.

ಆರ್‌ಸಿ ಲೋ ಪಾಸ್ ಫಿಲ್ಟರ್ ತೆಗೆದುಕೊಳ್ಳಿ, ಕಡಿಮೆ ಫ್ರೀಕ್ವೆನ್ಸಿಯನ್ನು ಬಿಟ್ಟು ಹೆಚ್ಚಿನದನ್ನು ತಡೆಯುವ ಸರ್ಕ್ಯೂಟ್. 1.6 ಕಿಲೋ ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಸೂತ್ರಕ್ಕೆ ಹಾಕಿದರೆ ಕಟ್ ಆಫ್ ಫ್ರೀಕ್ವೆನ್ಸಿ, ಅಂದರೆ ಔಟ್‌ಪುಟ್ ಇನ್‌ಪುಟ್ಟಿನ 0.707 ಪಾಲಿಗೆ ಇಳಿಯುವ ಜಾಗ, ಸುಮಾರು 995 ಹರ್ಟ್ಸ್. ಬೋರ್ಡಿನ ಮೇಲೆ ಕಟ್ಟಿ, ಇನ್‌ಪುಟ್ 1 ವೋಲ್ಟ್ ಇಟ್ಟು, ಔಟ್‌ಪುಟ್ 0.707ಕ್ಕೆ ಇಳಿಯುವ ತನಕ ಫ್ರೀಕ್ವೆನ್ಸಿ ಏರಿಸುತ್ತಾ ಹೋಗುತ್ತೀರಿ. 870 ಹರ್ಟ್ಸ್ ಬಂತು ಎನ್ನೋಣ. ಆಗ ಬ್ಯಾಚಿನಲ್ಲಿ ಯಾರೋ ಒಬ್ಬರು ಹೇಳುತ್ತಾರೆ: "ಏನೋ ತಪ್ಪಾಗಿದೆ ಕಣೋ, ಸಾವಿರ ಅಂತ ಬರ್ಕೋ." ರೆಕಾರ್ಡಿನಲ್ಲಿ ಸಾವಿರ ಬೀಳುತ್ತದೆ, ಸಹಿಯೂ ಬೀಳುತ್ತದೆ.

ಆದರೆ ತಪ್ಪಾಗಿರಲೇ ಇಲ್ಲ! 870ರಿಂದ ಹಿಂದಕ್ಕೆ ಲೆಕ್ಕ ಹಾಕಿ. ರೆಸಿಸ್ಟರ್ ಸರಿಯಿದ್ದರೆ ಕೆಪಾಸಿಟರ್ 0.114 ಮೈಕ್ರೋಫ್ಯಾರಡ್ ಆಗುತ್ತದೆ. ಎಷ್ಟೋ ಅಗ್ಗದ ಸೆರಾಮಿಕ್ ಕೆಪಾಸಿಟರ್‌ಗಳ ಟಾಲರೆನ್ಸ್, ಅಂದರೆ ಬರೆದ ಬೆಲೆಗಿಂತ ಆಚೀಚೆ ಇರಬಹುದಾದ ಪ್ರಮಾಣ, ಶೇಕಡಾ 20. ನಿಮ್ಮದು ಶೇಕಡಾ 14 ಹೆಚ್ಚಿದೆ, ಅಷ್ಟೇ. ಕೆಪಾಸಿಟರ್ ಅಳೆಯುವ ಎಲ್‌ಸಿಆರ್ ಮೀಟರ್ ಇದ್ದರೆ ಅರ್ಧ ನಿಮಿಷದಲ್ಲಿ ಅಳೆದು ನೋಡಬಹುದು. ಆ ದಿನ ಕಲಿಯಬೇಕಿದ್ದ ಪಾಠ ಆ 870ರೊಳಗೇ ಇತ್ತು. ಅದನ್ನು ರಬ್ಬರ್ ಹಾಕಿ ಉಜ್ಜಿದಿರಿ.

ಇದನ್ನು ದೊಡ್ಡವರೂ ಮಾಡಿದ್ದಾರೆ. ಹಬಲ್ ದೂರದರ್ಶಕದ ಕಥೆ ಅರ್ಧ ಎಲ್ಲರಿಗೂ ಗೊತ್ತು. 1990ರ ಏಪ್ರಿಲ್‌ನಲ್ಲಿ ಮೇಲಕ್ಕೆ ಹೋಯಿತು, ಚಿತ್ರಗಳು ಮಸುಕಾಗಿ ಬಂದವು. 2.4 ಮೀಟರ್ ಕನ್ನಡಿಯ ಅಂಚು ಸುಮಾರು 2.2 ಮೈಕ್ರೋಮೀಟರಿನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ಇನ್ನರ್ಧ ಕಥೆ ಲ್ಯಾಬಿನದು. ಕನ್ನಡಿಯ ಆಕಾರ ಪರೀಕ್ಷಿಸುವ ನಲ್ ಕರೆಕ್ಟರ್ ಎಂಬ ಉಪಕರಣದಲ್ಲಿ ಒಂದು ಲೆನ್ಸನ್ನು ಅಳತೆಯ ಕೋಲು ಹಿಡಿದು ಕೂರಿಸಬೇಕಿತ್ತು. ಬೆಳಕಿನ ಕಿರಣ ಕೋಲಿನ ತುದಿಗೆ ಬಡಿದು ವಾಪಸು ಬರಬೇಕು. ಕೋಲಿನ ತುದಿಗೊಂದು ಟೋಪಿ, ಅದಕ್ಕೆ ಬೆಳಕು ಪ್ರತಿಫಲಿಸದಂತೆ ಲೇಪನ. ಆ ಲೇಪನ ಒಂದು ಕಡೆ ಚಕ್ಕೆ ಎದ್ದಿತ್ತು. ಕಿರಣ ಟೋಪಿಗೇ ಬಡಿದು ತಿರುಗಿತು. ಲೆನ್ಸ್ 1.3 ಮಿಲಿಮೀಟರ್ ಆಚೆ ಕೂತಿತು. ಸರಿಪಡಿಸುವ ಸ್ಕ್ರೂ ಅಷ್ಟು ದೂರ ಹೋಗಲಿಲ್ಲ, ನಡುವೆ ವಾಷರ್ ಇಟ್ಟರು. ವಾಷರ್ ಯಾಕೆ ಬೇಕಾಯಿತು ಎಂದು ಅಲ್ಲೇ ನಿಂತು ಕೇಳಬೇಕಿತ್ತು!

ಇದಾದ ಮೇಲೂ ಉಳಿಸಿಕೊಳ್ಳಬಹುದಿತ್ತು. ಬೇರೆ ವಿಧದ ಇನ್ನೊಂದು ನಲ್ ಕರೆಕ್ಟರ್ ಕನ್ನಡಿಯಲ್ಲಿ ದೋಷ ಇದೆ ಎಂದು ತೋರಿಸಿತ್ತು. ಅದು ಮೊದಲನೆಯದರಷ್ಟು ನಿಖರವಲ್ಲ ಎಂದು ಆ ರೀಡಿಂಗನ್ನು ಬದಿಗಿಟ್ಟರು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಿ ಬಂದರು. ನಿಮ್ಮ 870ನ್ನು ಅಳಿಸುವ ಕೈ ಅದೇ ಕೈ. ತಾಳೆಯಾಗದ್ದನ್ನು ಪೆನ್ನಿನಲ್ಲೇ ಬರೆಯಿರಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆಮೇಲೆ ಕಾರಣ ಹುಡುಕಿ.

ಹುಡುಕುವುದು ಎಲ್ಲಿ ಎನ್ನುವುದು ಎರಡನೆಯ ವಿಷಯ. ರೀಡಿಂಗ್ ಸರಿಯಾಗಿ ಹತ್ತು ಪಟ್ಟು ಹೆಚ್ಚು ಅಥವಾ ಕಡಿಮೆ ಬಂದರೆ ಪ್ರೋಬ್, ಅಂದರೆ ಸ್ಕೋಪನ್ನು ಸರ್ಕ್ಯೂಟಿಗೆ ಮುಟ್ಟಿಸುವ ಕಡ್ಡಿ, ಅದರ ಮೇಲಿನ ಸ್ವಿಚ್ ನೋಡಿ. ಪ್ರೋಬ್ 10ಎಕ್ಸ್, ಸ್ಕೋಪಿನ ಚಾನೆಲ್ 1ಎಕ್ಸ್ ಇದ್ದರೆ ಹತ್ತರಲ್ಲಿ ಒಂದು ಭಾಗ ಕಾಣುತ್ತದೆ. ಸರಿಯಾಗಿ ಎರಡು ಪಟ್ಟು ಬಂದರೆ ಇನ್‌ಪುಟ್ ಅಲೆ ಕೊಡುವ ಫಂಕ್ಷನ್ ಜನರೇಟರ್‌ಗೆ ಬನ್ನಿ. ಅದು 50 ಓಮ್ ಲೋಡ್ ಇದೆ ಎಂದುಕೊಂಡು ಅಂಕಿ ತೋರಿಸುತ್ತಿರುತ್ತದೆ, ನಿಮ್ಮ ಸರ್ಕ್ಯೂಟ್ ಕಿಲೋ ಓಮ್‌ಗಳಲ್ಲಿ ಇರುತ್ತದೆ. ಬೋರ್ಡಿನ ಅರ್ಧ ಕೆಲಸ ಮಾಡಿ ಇನ್ನರ್ಧ ಸತ್ತಂತಿದ್ದರೆ ಪವರ್ ಸಾಲು ನೋಡಿ. ಎಷ್ಟೋ ಬ್ರೆಡ್‌ಬೋರ್ಡ್‌ಗಳಲ್ಲಿ ಅದು ನಡುವೆ ತುಂಡಾಗಿರುತ್ತದೆ, ಕೆಂಪು ಗೆರೆಯೂ ಅಲ್ಲೇ ಕಡಿದಿರುತ್ತದೆ. ಒಂದು ಸಣ್ಣ ವೈರ್ ಹಾಕಿದರೆ ಸಾಕು. 741 ಎಂಬ ಆಂಪ್ಲಿಫೈಯರ್ ಐಸಿ ಹಾಕಿದ್ದರೆ 7ನೇ ಪಿನ್ನಿಗೆ ಪ್ಲಸ್ ಸಪ್ಲೈ, 4ನೇ ಪಿನ್ನಿಗೆ ಮೈನಸ್. ಇದನ್ನು ವೈವಾಕ್ಕೆ ಬಾಯಿಪಾಠ ಮಾಡಿದವರೂ ಬೋರ್ಡಿನಲ್ಲಿ ಐಸಿಯನ್ನು ತಲೆಕೆಳಗಾಗಿ ಚುಚ್ಚಿರುತ್ತಾರೆ. ಚಿಪ್ಪಿನ ಗುರುತು ಯಾವ ಕಡೆ ಇದೆ ನೋಡಿ.

ಪ್ರೋಬಿನ ಗ್ರೌಂಡ್ ಕ್ಲಿಪ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಮೇನ್ಸ್‌ಗೆ ಹಾಕಿದ ಮಾಮೂಲಿ ಸ್ಕೋಪಿನಲ್ಲಿ ಅದು ಒಳಗಿಂದ ನೇರ ಅರ್ಥ್‌ಗೆ ಸೇರಿರುತ್ತದೆ. ಸರ್ಕ್ಯೂಟಿನ ಬೇಕಾದ ಕಡೆ ಕಚ್ಚಿಸಿದರೆ ಆ ಜಾಗ ಅರ್ಥ್‌ಗೆ ಶಾರ್ಟ್ ಆಗಬಹುದು. ಯಾವುದೋ ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಬೇಕಾದರೆ ತುದಿಗೊಂದರಂತೆ ಎರಡು ಚಾನೆಲ್ ಹಾಕಿ, ಒಂದರಿಂದ ಇನ್ನೊಂದನ್ನು ಕಳೆಯಿರಿ.

ಮೂರನೆಯದು ಬ್ಯಾಚ್. ನಾಲ್ವರಲ್ಲಿ ಒಬ್ಬರು ಕಟ್ಟುತ್ತಾರೆ, ಒಬ್ಬರು ಬರೆಯುತ್ತಾರೆ, ಇಬ್ಬರು ನೋಡುತ್ತಾರೆ. ಸೆಮಿಸ್ಟರ್ ಪೂರ್ತಿ ಅದೇ ಒಬ್ಬರು ಕಟ್ಟಿದರೆ ಉಳಿದ ಮೂವರಿಗೆ ಪರೀಕ್ಷೆಯ ದಿನ ಕೈ ನಡುಗುತ್ತದೆ. ಪ್ರತಿ ವಾರ ಸರದಿ ಬದಲಿಸಿ. ಬರೆಯುವವರು ಕಂಡದ್ದನ್ನೇ ಬರೆಯಲಿ, ಮತ್ತೆ ಆ 870ಕ್ಕೇ ಬಂದೆ.

ಸಮಯ ಆಯಿತು ಎಂದು ಚೀಟಿ ಬಂದಿದೆ. ನಾಲ್ಕನೆಯದು ಕೊನೆಯ ವರ್ಷದ ಪ್ರಾಜೆಕ್ಟ್, ಅದನ್ನು ಇನ್ನೊಂದು ದಿನ ಮಾತಾಡೋಣ. ನಾಳೆ ಬೆಳಿಗ್ಗೆಗೆ ಒಂದೇ ಕೆಲಸ, ಮಲ್ಟಿಮೀಟರಿನ ಫ್ಯೂಸ್ ನೋಡುವುದು. ಕರೆಂಟ್ ಅಳೆದವರು ಲೀಡನ್ನು ಮಿಲಿಆಂಪ್ ಜಾಕಿನಲ್ಲೇ ಬಿಟ್ಟಿರುತ್ತಾರೆ, ಮುಂದಿನವರು ಅದೇ ಮೀಟರನ್ನು ಸಪ್ಲೈಗೆ ಹಚ್ಚುತ್ತಾರೆ, ಒಳಗಿನ ಫ್ಯೂಸ್ ಹೋಗುತ್ತದೆ. ಆಮೇಲೆ ಬರುವ ಬ್ಯಾಚ್ ಸೊನ್ನೆ ಕರೆಂಟ್ ನೋಡಿ ಸರ್ಕ್ಯೂಟನ್ನೇ ಬಿಚ್ಚುತ್ತದೆ. ಮಿಲಿಆಂಪ್ ಜಾಕ್ ಬೇರೆಯಾಗಿರುವ ಮೀಟರನ್ನು ಓಮ್‌ಗೆ ತಿರುಗಿಸಿ, ಕೆಂಪು ಲೀಡ್ ಓಮ್ ಜಾಕಿನಲ್ಲೇ ಇರಲಿ, ಅದರ ಚೂಪು ತುದಿಯನ್ನು ಮಿಲಿಆಂಪ್ ಜಾಕಿನೊಳಗೆ ಮುಟ್ಟಿಸಿ. ಅಂಕಿ ಬಂದರೆ ಫ್ಯೂಸ್ ಇದೆ, ಓಪನ್ ತೋರಿಸಿದರೆ ಹೋಗಿದೆ. ಹೋಗಿದ್ದರೆ ಚೀಟಿ ಅಂಟಿಸಿ ಇನ್‌ಸ್ಟ್ರಕ್ಟರ್ ಕೈಗೆ ಕೊಡಿ, ಕಪಾಟಿಗೆ ವಾಪಸು ಇಡಬೇಡಿ.