ಪ್ರದರ್ಶನದ ಟೇಬಲ್ ಮೇಲಿಂದ ಕಳುವಾಗೋ ನಾಣ್ಯ, ಸ್ಟಾಂಪು

ಎಲ್ಲಾ ಕೇಳುಗರಿಗೂ ನಮಸ್ಕಾರ. ಇವತ್ತು ನಾಣ್ಯ, ಸ್ಟಾಂಪು ಸಂಗ್ರಹ ಮಾಡೋರ ಹತ್ರ, ಅದ್ರಲ್ಲೂ ಪ್ರದರ್ಶನಗಳಲ್ಲಿ ಟೇಬಲ್ ಹಾಕೋ ಡೀಲರ್‌ಗಳ ಹತ್ರ ಸ್ವಲ್ಪ ಮಾತಾಡೋದಿದೆ.

1918ರಲ್ಲಿ ಅಮೆರಿಕದಲ್ಲಿ 24 ಸೆಂಟಿನ ಏರ್‌ಮೇಲ್ ಸ್ಟಾಂಪು ಬಂತು, ಅದರ ಒಂದು ಹಾಳೆಯಲ್ಲಿ ವಿಮಾನದ ಚಿತ್ರ ತಲೆಕೆಳಗಾಗಿ ಪ್ರಿಂಟಾಗಿತ್ತು, 100 ಸ್ಟಾಂಪಿನ ಆ ಒಂದೇ ಹಾಳೆ ಜನರ ಕೈ ಸೇರಿದ್ದು, ಅವನ್ನೇ ಇನ್ವರ್ಟೆಡ್ ಜೆನ್ನಿ ಅಂತಾರೆ. ಹಾಳೆಯಲ್ಲಿ ಯಾವ ಸ್ಟಾಂಪು ಎಲ್ಲಿತ್ತು ಅಂತ ಒಂದೊಂದರ ಹಿಂದೆಯೂ ಪೆನ್ಸಿಲಲ್ಲಿ ನಂಬರ್ ಬರೆದಿದ್ರು. ಅದ್ರಲ್ಲಿ ನಾಲ್ಕು ಸ್ಟಾಂಪಿನ ಒಂದು ಬ್ಲಾಕ್ ಎಥೆಲ್ ಮೆಕಾಯ್ ಅನ್ನೋ ಸಂಗ್ರಾಹಕಿ ಹತ್ರ ಇತ್ತು, 1955ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಅಮೆರಿಕನ್ ಫಿಲಾಟೆಲಿಕ್ ಸೊಸೈಟಿ ಅನ್ನೋ ಸ್ಟಾಂಪು ಸಂಗ್ರಾಹಕರ ಸಂಘದ ಸಮಾವೇಶದಲ್ಲಿ ಪ್ರದರ್ಶನಕ್ಕೆ ಇಟ್ಟಾಗ ಯಾರೋ ಕದ್ಬಿಟ್ರು. ಬ್ಲಾಕ್ ಒಡೆದು ಬಿಡಿಬಿಡಿ ಮಾಡಿದ್ರು. ಒಂದು 1970ರ ದಶಕದಲ್ಲಿ ಸಿಕ್ತು, ಇನ್ನೊಂದು 80ರ ದಶಕದ ಶುರುವಿನಲ್ಲಿ, ಮೂರನೇದು ಸಿಕ್ಕಿದ್ದು 2016ರಲ್ಲಿ, ಅಂದ್ರೆ 61 ವರ್ಷ ಆದ್ಮೇಲೆ! ಅಷ್ಟೊತ್ತಿಗೆ ಆಕೆ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು. ನಾಲ್ಕನೇದರ ಸುಳಿವೇ ಇಲ್ಲ. ಆ ಮೂರನ್ನಾದ್ರೂ ಇವೇ ಅಂತ ಗುರುತು ಹಿಡಿಯೋಕೆ ಆಗಿದ್ದು ಒಂದೊಂದು ಸ್ಟಾಂಪಿಗೂ ದಾಖಲೆ ಇದ್ದಿದ್ದಕ್ಕೆ.

ನಮ್ಮಲ್ಲಿ ಈ ದಾಖಲೆ ವಿಷಯದಲ್ಲೇ ಉದಾಸೀನ ಜಾಸ್ತಿ, ಅದು ನನಗೆ ನಿಜವಾಗ್ಲೂ ಸಂಕಟ. ಬೆಂಗಳೂರಲ್ಲಿ ನಾಣ್ಯ ಪ್ರದರ್ಶನ ನಡೆದಾಗ ವಿಜಯನಗರ ಸಾಮ್ರಾಜ್ಯದ ಚಿನ್ನದ ನಾಣ್ಯ ವರಾಹ ಟೇಬಲ್ ಮೇಲೆ ಬರತ್ತೆ, ತೂಕ ಸುಮಾರು 3.4 ಗ್ರಾಂ, ಎರಡು ಬೆರಳ ಸಂದಿಲಿ ಸಿಕ್ಕಿಸ್ಕೊಂಡ್ರೆ ಪಕ್ಕದವರಿಗೂ ಕಾಣಲ್ಲ. ಆದ್ರೆ ಅವು ಕೈಯಲ್ಲಿ ಅಚ್ಚು ಹೊಡೆದ ನಾಣ್ಯಗಳು, ಒಂದರ ಹಾಗೆ ಇನ್ನೊಂದು ಇರಲ್ಲ, ಅಂಚು ಬೇರೆ, ಚಿತ್ರ ಕೂತಿರೋ ಜಾಗ ಬೇರೆ, ಗೀರು ಬೇರೆ. ಎರಡೂ ಕಡೆ ಕ್ಲಿಯರ್ ಆಗಿ ಫೋಟೋ ತೆಗೆದು, ತೂಕ ಬರೆದಿಟ್ರೆ ಅದು ನಿಮ್ಮದೇ ಅಂತ ಯಾರ ಮುಂದೆ ಬೇಕಾದ್ರೂ ತೋರಿಸ್ಬಹುದು. ಅಸಲಿ ಅಂತ ಸರ್ಟಿಫೈ ಆಗಿ ಸ್ಲ್ಯಾಬಲ್ಲಿ, ಅಂದ್ರೆ ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬೀಲಿರೋ ನಾಣ್ಯಕ್ಕೆ ನಂಬರ್ ಇದ್ಯಲ್ಲ ಅಂತ ಸುಮ್ನಿರಬೇಡಿ, ಪ್ಲಾಸ್ಟಿಕ್ ಒಡೆದ್ರೆ ನಂಬರ್ ಹೋಯ್ತು. ಫೋಟೋದ ಒಂದು ಕಾಪಿ ಮನೇಲೂ ಇರ್ಲಿ, ಫೋನ್ ಕೂಡ ಬ್ಯಾಗಿನ ಜೊತೆಗೇ ಹೋಗ್ಬಹುದು.

ಇನ್ನು ಹಾಲ್ ಒಳಗೆ. ಬೆಳಿಗ್ಗೆ ಟೇಬಲ್ ಜೋಡಿಸೋವಾಗ, ಸಾಯಂಕಾಲ ಪ್ಯಾಕ್ ಮಾಡೋವಾಗ ಡಬ್ಬಿಗಳೆಲ್ಲ ತೆರೆದಿರ್ತವೆ, ಕೈ ಒಂದು ಕಡೆ ಕಣ್ಣು ಇನ್ನೊಂದು ಕಡೆ, ಅದೇ ಅಪಾಯದ ಹೊತ್ತು. ಒಬ್ಬ ಬಂದು ಆ ತುದೀಲಿರೋ ಆಲ್ಬಂ ಕೊಡಿ ಸಾರ್ ಅಂತಾನೆ, ನೀವು ತಿರುಗಿದ್ರಿ, ಈ ತುದೀಲಿ ಅವನ ಜೊತೆಯವನು ಕೆಲಸ ಮುಗಿಸಿರ್ತಾನೆ. ಅದಕ್ಕೇ ಒಬ್ರೇ ಟೇಬಲ್ ನಡೆಸ್ಬೇಡಿ, ಮನೆಯವರೋ ಸ್ನೇಹಿತರೋ ಯಾರಾದ್ರೂ ಜೊತೆಗಿರ್ಲಿ. ಶೋಕೇಸಿಗೆ ಬೀಗ ಇರ್ಲಿ, ಒಂದ್ಸಲಕ್ಕೆ ಒಂದೇ ಟ್ರೇ ಹೊರಗೆ, ಅದನ್ನ ಎಣಿಸಿ ಒಳಗಿಟ್ಟ ಮೇಲೇನೇ ಇನ್ನೊಂದು. ಗಿರಾಕಿಗೆ ಬೇಜಾರಾಗತ್ತೆ ಅಂತ ಸಂಕೋಚ ಬೇಡ, ನಿಜವಾದ ಸಂಗ್ರಾಹಕರು ಇದನ್ನ ಅರ್ಥ ಮಾಡ್ಕೊಳ್ತಾರೆ.

ಹೊರಗೆ ಬಂದ ಮೇಲೂ ಹುಷಾರು. ಕೊರಳಲ್ಲಿರೋ ಬ್ಯಾಡ್ಜ್ ಹಾಲಲ್ಲೇ ತೆಗೀರಿ, ಮಾಲು ಕಾರಲ್ಲಿಟ್ಟು ಹೈವೇಲಿ ಟೀಗೆ ಅಂತ ಇಳೀಬೇಡಿ, ಹಾಲಿಂದಾನೇ ಹಿಂಬಾಲಿಸಿ ಬರೋರು ಕಾಯೋದು ಅದಕ್ಕೇ. ಇನ್ಶೂರೆನ್ಸ್ ಇದ್ರೆ ಯಾರೂ ಇಲ್ಲದ ಗಾಡಿಯಿಂದ ಕಳುವಾದ್ರೆ ಹಣ ಬರತ್ತಾ, ಪ್ರದರ್ಶನದ ಜಾಗಕ್ಕೂ ಪಾಲಿಸಿ ಅನ್ವಯಿಸತ್ತಾ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ.

ಹಾಗೂ ಏನಾದ್ರೂ ಹೋದ್ರೆ ಮರ್ಯಾದೆ ಹೋಗತ್ತೆ ಅಂತ ಮುಚ್ಚಿಡಬೇಡಿ. ತಕ್ಷಣ ಆಯೋಜಕರಿಗೆ ಹೇಳಿ, ಬಾಗಿಲ ಹತ್ರದ ಸಿಸಿಟಿವಿ ನೋಡಿಸಿ, ಫೋಟೋನ ಬೇರೆ ಊರಿನ ಡೀಲರ್‌ಗಳಿಗೂ ಅವತ್ತೇ ಕಳಿಸಿ, ಕದ್ದಿದ್ದು ಮಾರೋಕೆ ಕೊನೆಗೆ ಬರೋದು ಅವರಲ್ಲಿ ಒಬ್ಬರ ಹತ್ರಾನೇ. ಪೊಲೀಸ್ ದೂರಲ್ಲಿ ಚಿನ್ನದ ಹಳೇ ನಾಣ್ಯ ಒಂದು ಅಂತ ಬರೆಸ್ಬೇಡಿ, ಯಾವ ರಾಜನದು, ತೂಕ ಎಷ್ಟು, ಗೀರು ಎಲ್ಲಿದೆ ಅಂತ ಬರೆಸಿ, ಫೋಟೋ ಲಗತ್ತಿಸಿ, ಕಾಪಿ ಇಸ್ಕೊಂಡೇ ಸ್ಟೇಷನ್ನಿಂದ ಬನ್ನಿ. ನಮಸ್ಕಾರ.