ಕಾಲುವೆಯ ಸಿಗಡಿ, ಮನೆಯ ಗಾಜಿನ ತೊಟ್ಟಿ

ಎಲ್ಲರಿಗೂ ನಮಸ್ಕಾರ. ಸಿಗಡಿ ಅಂದ ತಕ್ಷಣ ಮಸಾಲೆ ನೆನಪಾದವರು ಇಲ್ಲಿ ಯಾರಾದರೂ ಇದ್ದರೆ ಈಗಲೇ ಹೇಳಿಬಿಡುತ್ತೇನೆ. ಇವತ್ತಿನ ಸಿಗಡಿ ತಿನ್ನುವುದಕ್ಕಲ್ಲ, ಸಾಕುವುದಕ್ಕೆ. ಒಂದು ಇಂಚು ಉದ್ದ ಇರುತ್ತದೆ ಅಷ್ಟೇ. ಸಾರಿಗೆ ಹಾಕಿದರೆ ಹುಡುಕಬೇಕಾಗುತ್ತದೆ.

ಗಂಗಾವತಿ, ಸಿಂಧನೂರಿನ ಹುಡುಗರು ಈಗ ಅಕ್ವೇರಿಯಂಗೆ ಕೆಂಪು ಚೆರ್ರಿ ಸಿಗಡಿ ತರಿಸುತ್ತಿದ್ದಾರೆ. ಅದು ಚೀನಾ, ತೈವಾನ್ ಕಡೆಯ ಜೀವಿ. ನಮ್ಮ ಬೇಸಿಗೆಯಲ್ಲಿ ಪಾರ್ಸೆಲ್ ಬಿಚ್ಚಿದರೆ ಅರ್ಧ ಸತ್ತಿರುತ್ತವೆ. ಅದೇ ಹುಡುಗರ ಊರಿನ ಪಕ್ಕದಲ್ಲೇ ತುಂಗಭದ್ರಾ ಎಡದಂಡೆಯ ಉಪಕಾಲುವೆ ಹರಿಯುತ್ತಿರುತ್ತದೆ. ಅದರ ಅಂಚಿನ ಹುಲ್ಲಿನ ಬೇರಿನಲ್ಲಿ ನಮ್ಮದೇ ಸಿಗಡಿ ಕೂತಿರುತ್ತದೆ. ಬಣ್ಣ ಇಲ್ಲ, ಒಪ್ಪುತ್ತೇನೆ. ಮೈಯೆಲ್ಲ ಪಾರದರ್ಶಕ. ಆದರೆ ತಿಂದ ಪಾಚಿ ಬೆನ್ನಿನ ಉದ್ದಕ್ಕೂ ಹಸಿರು ಗೆರೆಯಾಗಿ ಸಾಗುವುದನ್ನು ಒಮ್ಮೆ ನೋಡಿ, ಬಣ್ಣದ ಮಾತು ಆಮೇಲೆ ಆಡೋಣ.

ನಮ್ಮ ನೀರಿನಲ್ಲಿ ಮುಖ್ಯವಾಗಿ ಎರಡು ಕುಲಗಳಿವೆ. ಒಂದು ಕ್ಯಾರಿಡಿನಾ, ಇನ್ನೊಂದು ಮ್ಯಾಕ್ರೋಬ್ರೇಕಿಯಂ. ಹೆಸರು ಮರೆತರೂ ಪರವಾಗಿಲ್ಲ, ಕಾಲು ಮರೆಯಬೇಡಿ. ಹಿಡಿದದ್ದನ್ನು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಎತ್ತಿ ಹಿಡಿಯಿರಿ. ಮುಂದಿನಿಂದ ಎರಡನೇ ಜೊತೆ ಕಾಲು ನೋಡಿ. ಅದು ಉಳಿದ ಕಾಲುಗಳಿಗಿಂತ ಉದ್ದ ಇದ್ದು, ತುದಿಯಲ್ಲಿ ಇಕ್ಕಳ ಎದ್ದು ಕಂಡರೆ ಮ್ಯಾಕ್ರೋಬ್ರೇಕಿಯಂ. ಕ್ಯಾರಿಡಿನಾಕ್ಕೆ ಹಾಗೆ ಚಾಚಿದ ಕೈ ಇಲ್ಲ. ಮುಂದಿನ ಎರಡು ಜೊತೆ ಕಾಲಿನ ತುದಿಗೆ ಪುಟ್ಟ ಇಕ್ಕಳ, ಇಕ್ಕಳದ ತುದಿಗೆ ಕೂದಲಿನ ಕುಚ್ಚು. ಆ ಕುಚ್ಚಿನಿಂದ ಎಲೆ ಮೇಲಿನ ಪಾಚಿ ಗುಡಿಸಿ ಬಾಯಿಗೆ ಹಾಕಿಕೊಳ್ಳುತ್ತದೆ. ಹಬ್ಬದ ಹಿಂದಿನ ದಿನ ಮನೆ ಒರೆಸುವವರ ಹಾಗೆ, ಬಿಡುವೇ ಇಲ್ಲ.

ಮನೆಗೆ ಬೇಕಾದದ್ದು ಕ್ಯಾರಿಡಿನಾ. ಮ್ಯಾಕ್ರೋಬ್ರೇಕಿಯಂ ಚಿಕ್ಕದಿದ್ದಾಗ ಮುದ್ದಾಗಿರುತ್ತದೆ. ಬೆಳೆದ ಮೇಲೆ ರಾತ್ರಿ ಮಲಗಿದ ಗಪ್ಪಿ ಮೀನಿನ ಬಾಲ ಕತ್ತರಿಸುತ್ತದೆ. ಮಾರುಕಟ್ಟೆಗೆ ಬರುವ ದೊಡ್ಡ ಸಿಹಿನೀರು ಸಿಗಡಿ, ರೋಸೆನ್‌ಬರ್ಗಿ ಅನ್ನುವುದು, ಇದೇ ಕುಲದ್ದು. ಅದರ ಗಂಡು ಒಂದಡಿ ಮುಟ್ಟುತ್ತದೆ. ಇದೇ ಕುಲದಲ್ಲಿ ಲಾಮರೈ ಅನ್ನುವ ಸಣ್ಣದೂ ಇದೆ. ಅದನ್ನು ಸಾಕಲೇಬೇಕು ಅಂದರೆ ಬೇರೆ ತೊಟ್ಟಿ ಇಡಿ. ಕ್ಯಾರಿಡಿನಾದಲ್ಲಿ ಇದು ಯಾವ ಜಾತಿ ಅಂತ ನನ್ನನ್ನು ಕೇಳಬೇಡಿ. ಮೂತಿಯ ಮುಂದಿನ ಮುಳ್ಳಿನ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸದೆ ಅದನ್ನು ಹೇಳುವುದಕ್ಕೆ ಆಗುವುದಿಲ್ಲ. ಫೋಟೋ ನೋಡಿ ಜಾತಿ ಹೇಳುವವರನ್ನು ನಾನಂತೂ ನಂಬುವುದಿಲ್ಲ.

ಈಗ ಎಲ್ಲಿ ಹಿಡಿಯಬೇಕು ಅನ್ನುವ ವಿಚಾರ. ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ. ಹಿಡಿಯುವುದು ಮಕ್ಕಳಿಗೂ ಬರುತ್ತದೆ, ಜಾಗ ಆರಿಸುವುದು ದೊಡ್ಡವರಿಗೂ ಬರುವುದಿಲ್ಲ. ನಮ್ಮ ಕಡೆ ನೀರು ಎರಡು ಥರ. ಗದ್ದೆಗೆ ಹೋಗುವ ನೀರು, ಗದ್ದೆಯಿಂದ ಬರುವ ನೀರು. ಹೋಗುವುದು ಕಾಲುವೆಯಲ್ಲಿ, ಬರುವುದು ಹಳ್ಳಕ್ಕೆ. ನೋಡುವುದಕ್ಕೆ ಹಳ್ಳವೇ ಚೆಂದ. ಜೊಂಡು, ಅಂತರಗಂಗೆ, ಕೊಕ್ಕರೆ ಎಲ್ಲಾ ಇರುತ್ತವೆ. ಆದರೆ ಭತ್ತಕ್ಕೆ ಹೊಡೆದ ಎಣ್ಣೆ, ಅಂದರೆ ಕೀಟನಾಶಕ, ಬಸಿದು ಸೇರುವುದೂ ಅಲ್ಲಿಗೇ. ಹುಳ, ಸಿಗಡಿ ಎರಡೂ ಸಂಧಿಪದಿಗಳು. ಹುಳದ ನರಕ್ಕೆ ಹೊಡೆದ ಪೈರೆಥ್ರಾಯ್ಡ್ ಅನ್ನುವ ಕೀಟನಾಶಕ ಸಿಗಡಿಯ ನರವನ್ನು ಬಿಡುತ್ತದಾ? "ಹಳ್ಳದಲ್ಲಿ ಬದುಕಿದ್ದು ಗಟ್ಟಿ ಅಲ್ವಾ ಸರ್" ಅಂತ ಕೆಲವರು ಕೇಳುತ್ತಾರೆ. ಸಿಗಡಿ ಗಟ್ಟಿ ಇರಬಹುದು. ಅದರ ಜೊತೆ ನೀವು ತರುವ ಗಿಡ, ಕೆಸರಿನಲ್ಲಿ ಅಂಟಿದ ವಿಷ ನಾಲ್ಕು ಬಕೆಟ್ ನೀರಿನ ತೊಟ್ಟಿಯಲ್ಲಿ ಎಲ್ಲಿಗೂ ಹರಿದು ಹೋಗುವುದಿಲ್ಲ.

ಹಾಗಾಗಿ ಕಾಲುವೆ. ಅದರಲ್ಲೂ ಸೇತುವೆ ಬುಡ ಬೇಡ. ಎಣ್ಣೆ ಹೊಡೆದ ಪಂಪು ತೊಳೆಯುವುದು ಅಲ್ಲೇ. ಖಾಲಿ ಬಾಟಲಿ, ಪ್ಯಾಕೆಟ್ ಬಿದ್ದಿದ್ದರೆ ಅಲ್ಲಿಂದ ಮೇಲಕ್ಕೆ, ನೀರು ಬರುವ ದಿಕ್ಕಿಗೆ ನಡೆಯಿರಿ. ತುಂಬಿ ಹರಿಯುವ ಕಾಲುವೆಗೆ ಮಾತ್ರ ಯಾರೂ ಇಳಿಯಬೇಡಿ. ಸಿಮೆಂಟ್ ದಂಡೆಯಲ್ಲಿ ಪಾಚಿ ಕಟ್ಟಿರುತ್ತದೆ, ಜಾರಿದರೆ ಹಿಡಿದುಕೊಳ್ಳುವುದಕ್ಕೆ ಒಂದು ಕಡ್ಡಿಯೂ ಸಿಗುವುದಿಲ್ಲ.

ಸರಿಯಾದ ಕಾಲ ಅಂದರೆ ನೀರು ನಿಲ್ಲಿಸಿದ ಮೇಲೆ. ಎರಡನೇ ಬೆಳೆಗೆ ನೀರು ಬಿಟ್ಟ ವರ್ಷ ಸಾಮಾನ್ಯವಾಗಿ ಮಾರ್ಚ್, ಏಪ್ರಿಲ್ ಹೊತ್ತಿಗೆ ನಿಲ್ಲುತ್ತದೆ. ಕಾಲುವೆಗೆ ಯಾವಾಗ ನೀರು ಅಂತ ತೀರ್ಮಾನಿಸುವ ಐಸಿಸಿ, ಅಂದರೆ ನೀರಾವರಿ ಸಲಹಾ ಸಮಿತಿ, ಸಭೆಯ ಸುದ್ದಿಯನ್ನು ರೈತರಷ್ಟೇ ನಾವೂ ಓದಬೇಕು ಅನ್ನುವುದು ಇದಕ್ಕೇ. ಕಾಲುವೆ ಇಳಿದಾಗ ಡ್ರಾಪ್, ಅಂದರೆ ಕಾಲುವೆ ತಗ್ಗಿಗೆ ಧುಮುಕುವ ಮೆಟ್ಟಿಲು, ಅದರ ಕೆಳಗಿನ ಗುಂಡಿಯಲ್ಲಿ, ತೂಬಿನ ಮುಂದಿನ ಹೊಂಡದಲ್ಲಿ ನೀರು ಉಳಿಯುತ್ತದೆ. ಸಿಗಡಿ, ಸಣ್ಣ ಮೀನು ಎಲ್ಲಾ ಅಲ್ಲಿ ಗುಂಪಾಗುತ್ತವೆ. ನಮ್ಮ ಬಿಸಿಲಿಗೆ ಆ ಹೊಂಡ ಜಾಸ್ತಿ ದಿನ ಇರುವುದಿಲ್ಲ. ಅಲ್ಲಿಂದ ತೆಗೆದರೆ ಹೇಗೂ ಸಾಯುವುದನ್ನು ತೆಗೆದ ಹಾಗೆ. ಹೊಳೆಯಿಂದ ತೆಗೆದರೆ ಬದುಕಬೇಕಾದದ್ದನ್ನು ತೆಗೆದ ಹಾಗೆ. ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆ ದಾಟಿದರೆ ಆ ನೀರು ಕಾಯಲು ಶುರುವಾಗುತ್ತದೆ. ಎರಡಡಿ ತೊಟ್ಟಿಗೆ 15–20 ಸಾಕು. ಉಳಿದವನ್ನು ಕೊಕ್ಕರೆಗೆ ಬಿಡಿ, ಅದು ನಿಮಗಿಂತ ಮೊದಲೇ ಬಂದು ನಿಂತಿರುತ್ತದೆ.

ಹೊಳೆಯ ಬಗ್ಗೆ ಒಂದು ಮಾತು. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ಆನೆಗೊಂದಿಯ ಹೊಳೆ ಈ ಹರವಿನಲ್ಲೇ ಬರುತ್ತದೆ. ಅಲ್ಲಿ ಬಲೆ ತೆಗೆಯುವ ಯೋಚನೆಯೇ ಬೇಡ. ಅಲ್ಲಿ ಮೊಸಳೆಯೂ ಇದೆ, ಅದನ್ನು ಕಾನೂನಿಗಿಂತ ಮೊದಲು ನೆನಪಿಡಿ. ಊರ ಕೆರೆಗಳನ್ನು ಮೀನುಗಾರರ ಸಂಘಗಳು ಗುತ್ತಿಗೆ ಹಿಡಿದಿರುತ್ತವೆ. ಅವರನ್ನು ಕೇಳಿ. ಎಷ್ಟೋ ಸಲ ಬಲೆ ಕೊಡವುವಾಗ ಉದುರುವ ಸಣ್ಣ ಸಿಗಡಿಯನ್ನು ಅವರೇ ಕೊಡುತ್ತಾರೆ, ಒಂದು ಚಹಾ ಕುಡಿಸಿದರೆ ಆಯಿತು.

ಬಲೆಗೆ ದುಡ್ಡು ಖರ್ಚು ಮಾಡಬೇಡಿ, ದೊಡ್ಡ ಜರಡಿ ಸಾಕು. ಹಳೆಯ ಸೊಳ್ಳೆ ಪರದೆ ಹೊಲಿದುಕೊಳ್ಳುವವರಿಗೆ ಎಚ್ಚರಿಕೆ. ಮಲೇರಿಯಾ ತಡೆಗೆ ಹಂಚುವ ಪರದೆಗೆ ಕೀಟನಾಶಕ ಲೇಪಿಸಿರುತ್ತಾರೆ. ಅದರಲ್ಲಿ ಹಿಡಿದರೆ ಹಿಡಿದ ಹೊತ್ತಿಗೇ ವಿಷ ಹಾಕಿದ ಹಾಗೆ. ಜರಡಿಯನ್ನು ಹುಲ್ಲಿನ ಬೇರಿನ ಕೆಳಗೆ ಒಯ್ದು, ಬೇರು ಅಲುಗಿಸಿ, ನಿಧಾನಕ್ಕೆ ಎತ್ತಿ. ಸಿಗಡಿ ಹೆದರಿದರೆ ಹಿಂದಕ್ಕೆ ನೆಗೆಯುತ್ತದೆ. ಹಾಗಾಗಿ ಜರಡಿ ಬಾಲದ ಕಡೆಯಿಂದ ಬರಬೇಕು. ಜೊತೆಗೆ ಏರೋಪ್ಲೇನ್ ಚಿಟ್ಟೆಯ ಮರಿಯೂ ಬರುತ್ತದೆ. ಅದು ನೀರಿನೊಳಗೆ ಬೇಟೆಗಾರ. ಒಂದೇ ಒಂದು ಮರಿ ತೊಟ್ಟಿಗೆ ಸೇರಿದರೂ ತಿಂಗಳಲ್ಲಿ ನಿಮ್ಮ ಸಿಗಡಿ ಕಡಿಮೆಯಾಗುತ್ತಾ ಬರುತ್ತವೆ, ಯಾಕೆ ಅಂತ ಗೊತ್ತೇ ಆಗುವುದಿಲ್ಲ. ಇನ್ನೊಂದು, ತಲೆಯ ಒಂದು ಪಕ್ಕದ ಚಿಪ್ಪು ಉಬ್ಬಿರುವ ಸಿಗಡಿಯನ್ನು ತರಬೇಡಿ. ಆ ಉಬ್ಬಿನೊಳಗೆ, ಕಿವಿರಿನ ಜಾಗದಲ್ಲಿ, ಪರಾವಲಂಬಿ ಕೂತಿರುತ್ತದೆ. ಉಳಿದವನ್ನೂ ಎರಡು ಮೂರು ವಾರ ಬೇರೆ ಡಬ್ಬಿಯಲ್ಲಿ ಇಟ್ಟು ನೋಡಿ.

ತರುವಾಗ ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಹಿಡಿದುಕೊಳ್ಳುವುದಕ್ಕೆ ಒಂದು ಎಳೆ ಗಿಡ. ಗಾಡಿಯ ಟ್ಯಾಂಕ್ ಮೇಲೆ ಬಿಸಿಲಿಗೆ ಇಡಬೇಡಿ. ಎರಡು ಕ್ಯಾನ್ ಕಾಲುವೆ ನೀರನ್ನೂ ತನ್ನಿ.

ಆ ನೀರು ಯಾಕೆ ಅಂದರೆ, ನಮ್ಮ ಮನೆಯ ಯಾವ ನೀರೂ ಇದಕ್ಕೆ ಸರಿ ಇಲ್ಲ. ಬೋರಿನ ನೀರು ತೀರಾ ಗಡುಸು. ನಲ್ಲಿ ನೀರಿನಲ್ಲಿ ಕ್ಲೋರಿನ್, ಒಂದು ದಿನ ಬಾಯಿ ತೆರೆದ ಬಕೆಟ್‌ನಲ್ಲಿ ಇಡಬೇಕು. ನಾಣ್ಯ ಹಾಕಿ ತರುವ ಆರ್‌ಓ ನೀರಿನಲ್ಲಿ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಉಳಿದಿರುವುದಿಲ್ಲ. ಬೋರಿನ ನೀರಿಗೆ ಆರ್‌ಓ ಬೆರೆಸಿ, ಕಾಲುವೆ ನೀರಿನ ಹತ್ತಿರಕ್ಕೆ ತನ್ನಿ. ಸಿಗಡಿಯನ್ನು ನೇರ ಸುರಿಯಬೇಡಿ, ಸಲೈನ್ ಪೈಪಿನಲ್ಲಿ ಹನಿ ಹನಿಯಾಗಿ ಎರಡು ಗಂಟೆ ನೀರು ಬೆರೆಸಿ. ತಾಮ್ರದ ಕೊಡದ ನೀರು ಬೇಡವೇ ಬೇಡ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ಕೆಲವರು ಮೈಲುತುತ್ತ ಹಾಕುತ್ತಾರೆ, ಅದೂ ತಾಮ್ರದ್ದೇ. ಮೀನು ಉಳಿಯಬಹುದು, ಸಿಗಡಿ ಉಳಿಯುವುದಿಲ್ಲ. ತೊಟ್ಟಿಯೂ ಹಳೆಯದಾಗಿರಬೇಕು. ಸ್ಪಂಜ್ ಫಿಲ್ಟರ್ ಹಾಕಿ, ನಾಲ್ಕಾರು ವಾರ ಓಡಿಸಿ, ಗಾಜಿಗೆ ಪಾಚಿ ಹಿಡಿದ ಮೇಲೆ ಬಿಡಿ. ಆ ಪಾಚಿ ಉಜ್ಜಬೇಡಿ, ಅದೇ ಊಟ.

ಆಮೇಲೆ ನಮ್ಮ ಬಿಸಿಲು. 30 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 20 ಡಿಗ್ರಿಯಲ್ಲಾದರೆ 9. ಅಂದರೆ ಉಸಿರು ಜಾಸ್ತಿ ಬೇಕಾದಾಗಲೇ ಆಮ್ಲಜನಕ ಕಡಿಮೆ. ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಬೇಡ. ತೊಟ್ಟಿಯ ಮುಚ್ಚಳ ತೆಗೆದು, ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ತಿರುಗಿಸಿ. ನಮ್ಮದು ಒಣ ಗಾಳಿ, ಮಂಗಳೂರಿನವರಿಗೆ ಈ ಉಪಾಯ ಇಷ್ಟು ಚೆನ್ನಾಗಿ ದಕ್ಕುವುದಿಲ್ಲ. ಆವಿಯಾದ ನೀರಿನ ಜಾಗಕ್ಕೆ ಆರ್‌ಓ ನೀರನ್ನೇ ಹಾಕಿ. ಉಪ್ಪಿನಂಶ ಆವಿಯಾಗುವುದಿಲ್ಲ. ಬೋರಿನ ನೀರು ಹಾಕುತ್ತಾ ಹೋದರೆ ಮೇ ಹೊತ್ತಿಗೆ ತೊಟ್ಟಿ ಉಪ್ಪುನೀರಾಗಿರುತ್ತದೆ.

ಇಷ್ಟೆಲ್ಲಾ ಮಾಡಿದವರ ತೊಟ್ಟಿಯೂ ಒಂದೇ ರಾತ್ರಿಯಲ್ಲಿ ಖಾಲಿಯಾದದ್ದುಂಟು. ಕಾರಣ ಗೋಡೆಯ ಸಾಕೆಟ್‌ನಲ್ಲಿ ಇರುತ್ತದೆ, ಸೊಳ್ಳೆ ಲಿಕ್ವಿಡ್. ಅದೂ ಪೈರೆಥ್ರಾಯ್ಡ್. ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಊದುವುದೇ ಏರ್ ಪಂಪಿನ ಕೆಲಸ ಅಲ್ವಾ? ತೊಟ್ಟಿ ಇರುವ ಕೋಣೆಯಲ್ಲಿ ಲಿಕ್ವಿಡ್ ಬೇಡ, ಸ್ಪ್ರೇ ಅಂತೂ ಬೇಡ. ಕಿಟಕಿಗೆ ಜಾಳಿಗೆ ಹಾಕಿಸಿ.

ಒಂದು ದಿನ ತಳದಲ್ಲಿ ಬಿಳಿಚಿದ ಸಿಗಡಿ ಬಿದ್ದಿರುವುದು ಕಂಡರೆ ಗಾಬರಿಯಾಗಬೇಡಿ. ಮುಟ್ಟಿ ನೋಡಿ, ಒಳಗೆ ಟೊಳ್ಳು. ಅದು ಬಿಟ್ಟ ಪೊರೆ. ಮೀಸೆ, ಕಾಲು, ಕಣ್ಣಿನ ಹೊದಿಕೆ ಸಮೇತ ಬಿಟ್ಟಿರುತ್ತದೆ. ತೆಗೆಯಬೇಡಿ, ಕ್ಯಾಲ್ಸಿಯಂಗಾಗಿ ಅವೇ ತಿನ್ನುತ್ತವೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಪೊರೆ ಬಿಟ್ಟದ್ದು ಗಿಡದ ಸಂದಿಯಲ್ಲಿ ಅಡಗಿರುತ್ತದೆ.

ಮರಿ ಆಗುತ್ತವಾ ಅಂತ ಎಲ್ಲರೂ ಕೇಳುತ್ತೀರಿ. ಹೆಣ್ಣಿನ ಹೊಟ್ಟೆಯ ಕೆಳಗಿನ ಮೊಟ್ಟೆ ನೋಡಿ. ಕೆಲವು ಕ್ಯಾರಿಡಿನಾ ದೊಡ್ಡ ಮೊಟ್ಟೆ ಸ್ವಲ್ಪವೇ ಇಡುತ್ತವೆ. ಅವುಗಳಿಂದ ಬರುವುದು ನೇರವಾಗಿ ಪುಟ್ಟ ಸಿಗಡಿ, ನಿಮ್ಮ ತೊಟ್ಟಿಯಲ್ಲೇ ಬೆಳೆಯುತ್ತದೆ. ಇನ್ನು ಕೆಲವು ಸಣ್ಣ ಮೊಟ್ಟೆ ರಾಶಿ ಇಡುತ್ತವೆ. ಆ ಮರಿಗಳು ನೀರಿನಲ್ಲಿ ತೇಲುವ ಲಾರ್ವಾಗಳು, ಎಷ್ಟೋ ಜಾತಿಯಲ್ಲಿ ಅವಕ್ಕೆ ಉಪ್ಪು ಬೆರೆತ ನೀರು ಬೇಕು. ಕೃಷ್ಣಾ, ಗೋದಾವರಿಯ ದೊಡ್ಡ ಸಿಗಡಿ ಮಾಲ್ಕಮ್‌ಸೋನಿಯದೂ ಇದೇ ಕಥೆ. ಅದರ ಮರಿ ಸಮುದ್ರದ ಹತ್ತಿರದ ನೀರಿನಲ್ಲಿ ಬೆಳೆದು ಹೊಳೆ ಹತ್ತಿ ಬರಬೇಕು. ನಡುವೆ ಶ್ರೀಶೈಲ, ನಾಗಾರ್ಜುನ ಸಾಗರದ ಗೋಡೆಗಳಿವೆ. ಕಾಲುವೆಯ ಹೊಂಡದಲ್ಲಿ ದೊಡ್ಡ ಮೊಟ್ಟೆಯ ಹೆಣ್ಣು ಸಿಕ್ಕಿತು ಅಂದರೆ ಸಮುದ್ರದ ಹಂಗಿಲ್ಲದ ಸಿಗಡಿ ಸಿಕ್ಕಿತು ಅಂತ ಅರ್ಥ.

ಮರಿ ಜಾಸ್ತಿಯಾದರೆ ಇಲ್ಲಿ ಕೂತವರೇ ಹಂಚಿಕೊಳ್ಳಿ. ಕಾಲುವೆಗೆ ವಾಪಸ್ ಬಿಡಬೇಡಿ, ಅದರಲ್ಲೂ ಚೆರ್ರಿ ಸಿಗಡಿಯ ಜೊತೆ ಒಂದೇ ತೊಟ್ಟಿಯಲ್ಲಿ ಇದ್ದವನ್ನು. ಅಂಗಡಿಯಿಂದ ಬಂದ ರೋಗ ಅವುಗಳ ಜೊತೆ ಕಾಲುವೆಗೆ ಇಳಿಯುತ್ತದೆ. ಈಗ ಪ್ರಶ್ನೆಗಳಿದ್ದರೆ ಕೇಳಿ. ಮೀನಿನ ಜೊತೆ ಇಡಬಹುದಾ ಅಂತ ಕೇಳುವವರಿಗೆ ಉತ್ತರ ಮೊದಲೇ ಹೇಳುತ್ತೇನೆ: ಇಡಬಹುದು, ಮರಿ ಮಾತ್ರ ಒಂದೂ ಉಳಿಯುವುದಿಲ್ಲ.